ತಾರೆಯೂ ಕಥೆಯೂ: ಜನಪ್ರಿಯ ಚಿತ್ರದಲ್ಲಿ ನಾಯಕನ ಸ್ಥಾನವನ್ನು ಕುರಿತು ಒಂದು ವಿಚಾರ

ಜೋಗೇಶ್ವರಿಯ ಹೆಸರನ್ನು ಕೇಳಿದೊಡನೆ ಮುಂಬಯಿಯ ಕನ್ನಡಿಗರ ಮನಸ್ಸಿಗೆ ಬರುವುದು ಪಶ್ಚಿಮ ರೇಲ್ವೆಯ ಜನದಟ್ಟಣೆಯೇ ಹೊರತು ಶಿಲ್ಪಕಲೆಯಲ್ಲ. ಆದರೂ ಈ ಉಪನಗರಕ್ಕೆ ಹೆಸರನ್ನಿತ್ತ ಗುಹಾಲಯವು ಪೂರ್ವಭಾಗದ ಒತ್ತೊತ್ತಾದ ಮನೆಗಳ ಕೆಳಗೆ ಇಂದಿಗೂ ಇದೆ. ಸುಮಾರು ೬ನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸಿರುವ ಈ ಶೈವಗುಹೆಯ ಗೋಡೆಗಳಲ್ಲಿ ಕಾಲವೂ ತೇವವೂ ಸವೆಸಿದ ನಟರಾಜನಿದ್ದಾನೆ, ಪಗಡೆಯಾಡುವ ಶಿವಪಾರ್ವತಿಯರಿದ್ದಾರೆ. ಎಲಿಫಂಟಾ ದ್ವೀಪದ ಗುಹೆಯಲ್ಲಿಯೂ ಇವೇ ಪ್ರಸಂಗಗಳು. ಶಿಲ್ಪಿಯು ಹೊಸ ಕಥೆಯನ್ನು ಕಟ್ಟಲಿಲ್ಲ. ನೋಡಬಂದವನು ಹೊಸ ಕಥೆಯನ್ನು ಬೇಡಲೂ ಇಲ್ಲ. ಕಥೆಯೂ ಗೊತ್ತು, ನಾಯಕನೂ ಗೊತ್ತು, ನಿಲುವು ಮುದ್ರೆಗಳೂ ಗೊತ್ತು. ಇಷ್ಟೆಲ್ಲ ಸಿದ್ಧಸೂತ್ರವಾಗಿದ್ದರೂ ಅಲ್ಲಿ ಕಲೆ ಹುಟ್ಟಿತು. ಹೀಗಿರಲು, ಸೂತ್ರವಿದ್ದಲ್ಲಿ ಕಲೆಯಿಲ್ಲವೆಂದು ನಾವು ಚಲನಚಿತ್ರದ ವಿಷಯದಲ್ಲಿ ಮಾತ್ರ ಅಷ್ಟು ನಿಶ್ಚಯವಾಗಿ ಹೇಳಿಬಿಡುವುದು ಹೇಗೆ?

ಈ ಪ್ರಶ್ನೆ ನನ್ನಲ್ಲಿ ಎದ್ದದ್ದು ಗುಹೆಯ ಮುಂದಲ್ಲ, ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ. ಜೋಗೇಶ್ವರಿ ನಿಲ್ದಾಣದ ಬಳಿ ಗಲ್ಲಾದ ಮೇಲೆ ಕೂಡುತ್ತಿದ್ದ ಹಿರಿಯರೊಬ್ಬರು ಹದಿಮೂರನೆಯ ವಯಸ್ಸಿನಲ್ಲಿ ಮಾಣಿಯಾಗಿ ಈ ಊರಿಗೆ ಬಂದವರು. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದವರು. ರಾತ್ರಿಶಾಲೆಯಲ್ಲಿ ಕೆಲಕಾಲ ಪಾಠ ಹೇಳಿದ ನನ್ನನ್ನು ಅವರು ಮಾಷ್ಟ್ರೇ ಎಂದೇ ಕರೆಯುತ್ತಿದ್ದರು. ಒಂದು ಸಂಜೆ ಮಾತು 'ಬಂಗಾರದ ಮನುಷ್ಯ'ದ ಕಡೆಗೆ ತಿರುಗಿತು. "ಮಾಷ್ಟ್ರೇ, ರಾಜೀವ ಕಡೆಗೂ ಬಾಯಿ ಬಿಡಲಿಲ್ಲ ನೋಡಿ. ಲೆಕ್ಕ ಕೇಳಿದವರಿಗೆ ಲೆಕ್ಕ ಕೊಡಬಹುದಿತ್ತು, ಕೊಡಲಿಲ್ಲ" ಎಂದರು. ಸ್ವಲ್ಪ ಹೊತ್ತು ಚಿಲ್ಲರೆ ಎಣಿಸಿ, ಊರಿನ ಮನೆಯ ಪಾಲಿನ ದಿನ ತಮ್ಮಂದಿರು ತಮ್ಮನ್ನೂ ಹಾಗೆಯೇ ಕೇಳಿದರೆಂದೂ, ಮೂವತ್ತು ವರ್ಷ ಮನಿಯಾರ್ಡರು ಕಳಿಸಿದ್ದರ ರಸೀದಿಗಳು ಪೆಟ್ಟಿಗೆಯಲ್ಲಿದ್ದರೂ ತಾವು ತೆಗೆದು ತೋರಿಸಲಿಲ್ಲವೆಂದೂ ಹೇಳಿದರು. "ಆ ಪಿಕ್ಚರ್ ನೋಡದೆ ಇದ್ದಿದ್ದರೆ ತೋರಿಸುತ್ತಿದ್ದೆನೋ ಏನೋ" ಎಂಬುದು ಅವರ ಕೊನೆಯ ಮಾತು.

ಈ ಮಾತನ್ನು ಕೇಳಿ ಬಂದ ಮೇಲೆ, ಜನಪ್ರಿಯ ಚಿತ್ರವೆಂದರೆ ಕಾಲಕ್ಷೇಪವೆಂದು ತಳ್ಳಿಹಾಕುವ ಧೈರ್ಯ ನನಗೆ ಉಳಿಯಲಿಲ್ಲ. ಒಂದು ಚಿತ್ರವು ಒಬ್ಬ ಮನುಷ್ಯನ ಪಾಲಿನ ಪಂಚಾಯತಿಯಲ್ಲಿ ಕೈಹಾಕಿತೆಂದ ಮೇಲೆ ಅದು ಒಳ್ಳೆಯದನ್ನು ಮಾಡಿತೋ ಕೆಟ್ಟದ್ದನ್ನು ಮಾಡಿತೋ ಎಂದು ವಿಚಾರಿಸುವುದು ವಿಮರ್ಶೆಯ ಕರ್ತವ್ಯ. ಆ ಮೌನದಿಂದ ಆ ಹಿರಿಯರಿಗೆ ಗೌರವ ಉಳಿಯಿತು, ಪಾಲು ಹೋಯಿತು. ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಧನಂಜಯನ 'ದಶರೂಪಕ'ವು ರೂಪಕಗಳನ್ನು ವಿಂಗಡಿಸುವಾಗ ವಸ್ತು, ನೇತೃ, ರಸ ಎಂಬ ಮೂರನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ವಸ್ತುವೆಂದರೆ ಕಥೆ, ನೇತೃವೆಂದರೆ ನಾಯಕ, ಇವೆರಡರ ಸಂಯೋಗದಿಂದ ನಿಷ್ಪನ್ನವಾಗುವುದು ರಸ. ತಾರಾಪ್ರಧಾನ ಚಿತ್ರದಲ್ಲಿ ಈ ಮೂರರ ತೂಕ ಕೆಡುತ್ತದೆ. ಅಲ್ಲಿ ನಾಯಕನು ಕಥೆಯೊಳಗಿಂದ ಹುಟ್ಟುವುದಿಲ್ಲ. ಹಿಂದಿನ ಹತ್ತಾರು ಚಿತ್ರಗಳಿಂದ ಸಂಪಾದಿಸಿದ ವರ್ಚಸ್ಸನ್ನು ಹೊತ್ತು ಹೊರಗಿನಿಂದ ಬರುತ್ತಾನೆ. ಅವನು ಬರುವ ಮೊದಲೇ ಅವನು ಎಂಥವನೆಂಬುದು ಪ್ರೇಕ್ಷಕನಿಗೆ ತಿಳಿದಿದೆ.

ಆದರೆ ಇದು ನಮಗೆ ಹೊಸದೇನೂ ಅಲ್ಲ. ಯಕ್ಷಗಾನವನ್ನೂ ತಾಳಮದ್ದಳೆಯನ್ನೂ ಬಲ್ಲ ಕರಾವಳಿಯ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಸಂಗ ಹಳೆಯದು, ಜನ ಬರುವುದು ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಕೇಳಲು, ಕೆರೆಮನೆ ಶಿವರಾಮ ಹೆಗಡೆಯವರ ವೇಷವನ್ನು ನೋಡಲು. ಒಡ್ಡೋಲಗವೆಂಬುದು ತಾರೆಯ ಪ್ರವೇಶವಲ್ಲದೆ ಮತ್ತೇನು? ಆದರೆ ಅಲ್ಲಿ ಒಂದು ಕಟ್ಟು ಇದೆ. ಒಡ್ಡೋಲಗ ಎಷ್ಟೇ ವೈಭವದ್ದಾಗಿರಲಿ, ಪ್ರಸಂಗದಲ್ಲಿ ಕರ್ಣನು ಸಾಯಲೇಬೇಕು. ಕರ್ಣನ ಪಾತ್ರಧಾರಿ ಎಷ್ಟು ದೊಡ್ಡವನಾದರೂ ಅರ್ಜುನನನ್ನು ಗೆದ್ದು ಮನೆಗೆ ಹೋಗುವಂತಿಲ್ಲ. ಕಲಾವಿದನ ವರ್ಚಸ್ಸು ಪಾತ್ರದ ಸೋಲಿಗೆ ದುಡಿಯುತ್ತದೆ. ಆದಕಾರಣ ತಾರಾಪ್ರಧಾನ ಚಿತ್ರವನ್ನು ಪರೀಕ್ಷಿಸುವಾಗ ಕೇಳಬೇಕಾದ ಪ್ರಶ್ನೆ ಸೂತ್ರವಿದೆಯೋ ಇಲ್ಲವೋ ಎಂಬುದಲ್ಲ. ಕಥೆಗಾಗಿ ತಾರೆ ಏನನ್ನು ಬಿಟ್ಟುಕೊಟ್ಟಿದ್ದಾನೆ ಎಂಬುದೇ ಪ್ರಶ್ನೆ.

ಕನ್ನಡದ ತಾರಾಪರಂಪರೆಯೂ ತೆಲುಗಿನದೂ ಮೊದಲಿನಿಂದ ಹೆಣೆದುಕೊಂಡಿವೆ. ೧೯೫೪ರಲ್ಲಿ ಎಚ್.ಎಲ್.ಎನ್. ಸಿಂಹ ಅವರು 'ಬೇಡರ ಕಣ್ಣಪ್ಪ'ವನ್ನು ನಿರ್ದೇಶಿಸಿದಾಗ ಮುತ್ತುರಾಜರೆಂಬ ರಂಗನಟರು ರಾಜಕುಮಾರರಾದರು. ಅದೇ ವರ್ಷ ಅದೇ ಕಥೆ, ಅದೇ ನಿರ್ದೇಶಕ, ಅದೇ ನಾಯಕನೊಡನೆ ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಸಿದ್ಧವಾಯಿತು. ಅದೊಂದೇ ರಾಜಕುಮಾರರ ತೆಲುಗು ಚಿತ್ರ. ಕನ್ನಡದಲ್ಲಿ ಹರಿಹರನ ರಗಳೆಗೂ ತೆಲುಗಿನಲ್ಲಿ ಧೂರ್ಜಟಿಯ ಕಾವ್ಯಕ್ಕೂ ವಸ್ತುವಾದ ಬೇಡನ ಭಕ್ತಿ ಹೀಗೆ ಎರಡು ನಾಡುಗಳ ಪರದೆಯನ್ನು ಒಟ್ಟಿಗೆ ಏರಿತು. ತೆಲುಗಿನಲ್ಲಿ ಈ ಕಥೆ ೧೯೭೬ರಲ್ಲಿ ಬಾಪು ಅವರ ಕೈಯಲ್ಲಿ ಮತ್ತೊಮ್ಮೆಯೂ ೨೦೨೫ರಲ್ಲಿ ಮಗುದೊಮ್ಮೆಯೂ ಚಿತ್ರವಾಯಿತು. ಕಣ್ಣನ್ನು ಕಿತ್ತುಕೊಡುವ ನಾಯಕನಿಂದ ನಮ್ಮ ತಾರಾಚಿತ್ರದ ಚರಿತ್ರೆಯ ದೊಡ್ಡ ಅಧ್ಯಾಯವೊಂದು ಆರಂಭವಾಯಿತೆಂಬುದು ಗಮನಾರ್ಹ. ಕೊಡುವುದೇ ಅಲ್ಲಿ ಶೌರ್ಯ.

ಈ ಕೊಡುವಿಕೆ ಸಾಮಾಜಿಕ ಚಿತ್ರಕ್ಕೆ ಬಂದಾಗ ಏನಾಯಿತೆಂಬುದನ್ನು ನೋಡೋಣ. ೧೯೭೧ರಲ್ಲಿ ದೊರೆ–ಭಗವಾನ್ ಜೋಡಿ ನಿರ್ದೇಶಿಸಿದ 'ಕಸ್ತೂರಿ ನಿವಾಸ'ದಲ್ಲಿ ನಾಯಕನು ಬೆಂಕಿಪೆಟ್ಟಿಗೆಯ ಕಾರ್ಖಾನೆಯ ಒಡೆಯ. ಕೊಡುವುದು ಅವನ ಮನೆತನದ ವ್ರತ. ಅವನ ಆಶ್ರಯದಲ್ಲಿ ಬೆಳೆದವನೇ ಪ್ರತಿಸ್ಪರ್ಧಿಯಾಗಿ ಮೇಲೇರುತ್ತಾನೆ. ನಾಯಕ ಒಂದೊಂದಾಗಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಕೊನೆಗೆ ಮನೆಗೆ ಬಂದ ಅತಿಥಿಗೆ ಬಡಿಸಲು ತಾನು ಸಾಕಿದ ಪಾರಿವಾಳವನ್ನೇ ಬಲಿಗೊಡುತ್ತಾನೆ. ಅತಿಥಿ ಬಂದಿದ್ದುದಾದರೋ ಮಗುವಿಗಾಗಿ ಅದೇ ಪಾರಿವಾಳವನ್ನು ಬೇಡಲು. ೧೪ನೆಯ ಶತಮಾನದ ಇಟಲಿಯ ಬೊಕ್ಕಾಚಿಯೊ ಬರೆದ ಡೇಗೆಯ ಕಥೆಯನ್ನು ಬಲ್ಲವರಿಗೆ ಈ ಸನ್ನಿವೇಶ ಪರಿಚಿತವೇ. ಆದರೆ ಒಂದು ವ್ಯತ್ಯಾಸವುಂಟು. ಬೊಕ್ಕಾಚಿಯೊನ ನಾಯಕನಿಗೆ ತ್ಯಾಗದ ಫಲವಾಗಿ ಪ್ರಿಯೆಯೂ ಸಂಪತ್ತೂ ದೊರೆಯುತ್ತವೆ. ನಮ್ಮ ಚಿತ್ರದ ನಾಯಕನಿಗೆ ದೊರೆಯುವುದು ಸಾವು. ಇಟಲಿಯ ಕಥೆ ಪ್ರೇಮಕಥೆಯಾಯಿತು. ನಮ್ಮದು ಕರ್ಣನ ಕಥೆಯಾಯಿತು. ಜನಪ್ರಿಯತೆಯ ಶಿಖರದಲ್ಲಿದ್ದ ನಟನೊಬ್ಬ ಕೈಬರಿದಾಗಿ ಸಾಯುವುದನ್ನು ನೋಡಲು ಜನ ಬಂದರು. ಕಥೆ ೧೯೭೪ರಲ್ಲಿ ಹಿಂದಿಗೂ ೧೯೭೫ರಲ್ಲಿ ಶಿವಾಜಿ ಗಣೇಶನ್ ಅವರಿಂದ ತಮಿಳಿಗೂ ಹೋಯಿತು. ಸೂತ್ರವೆಂದರೆ ಗೆಲುವೇ ಎಂದು ವಾದಿಸುವ ನಿರ್ಮಾಪಕರಿಗೆ ಇದೊಂದೇ ಉತ್ತರ ಸಾಕು.

ಹಾಗೆಂದು ದೋಷವಿಲ್ಲವೆನ್ನಲಾಗದು. ಅಮೆರಿಕದಿಂದ ಹೊಸ ಪದ್ಧತಿಗಳನ್ನು ಕಲಿತು ಬಂದ ಆ ಕಿರಿಯನ ಮಾತಿನಲ್ಲಿ ನ್ಯಾಯವಿರಬಹುದೇ ಎಂದು ಚಿತ್ರ ಒಂದು ಗಳಿಗೆಯೂ ಯೋಚಿಸುವುದಿಲ್ಲ. ಉದ್ಯಮವೊಂದು ದಾನದಿಂದ ನಡೆಯದು. ಅದು ಮುಳುಗಿದರೆ ಒಡೆಯನೊಬ್ಬನೇ ಮುಳುಗುವುದಿಲ್ಲ, ಕೂಲಿಕಾರರೂ ಮುಳುಗುತ್ತಾರೆ. ನಾಯಕನು ಸಂಪತ್ತನ್ನು ಬಿಟ್ಟುಕೊಟ್ಟ, ಪ್ರಾಣವನ್ನು ಬಿಟ್ಟುಕೊಟ್ಟ. ತಾನೇ ಸರಿ ಎಂಬ ಒಂದನ್ನು ಮಾತ್ರ ಬಿಟ್ಟುಕೊಡಲಿಲ್ಲ. ತಾರೆಯ ಕೊನೆಯ ಆಸ್ತಿ ಅದು.

೧೯೭೨ರ ಮಾರ್ಚ್ ೩೧ರಂದು ತೆರೆಕಂಡ 'ಬಂಗಾರದ ಮನುಷ್ಯ' ಈ ಸಮಸ್ಯೆಯನ್ನು ಇನ್ನೂ ವಿಸ್ತಾರವಾದ ನೆಲದಲ್ಲಿ ಒಡ್ಡುತ್ತದೆ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆದ ಚಿತ್ರ. ಓದಿದ ತರುಣ ರಾಜೀವ ವಿಧವೆಯಾದ ಅಕ್ಕನ ಸಂಸಾರವನ್ನು ಹೊರಲು ಹಳ್ಳಿಯಲ್ಲಿ ನಿಲ್ಲುತ್ತಾನೆ, ಕಲ್ಲುಭೂಮಿಯನ್ನು ಹಸನು ಮಾಡುತ್ತಾನೆ, ಅಕ್ಕನ ಮಕ್ಕಳನ್ನು ಓದಿಸುತ್ತಾನೆ, ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ. ಇತ್ತ ಮತ್ತೊಂದು ಸಂಸಾರಕ್ಕೂ ಗುಟ್ಟಾಗಿ ನೆರವಾಗುತ್ತಿರುತ್ತಾನೆ. ಅದು ತೀರಿಹೋದ ಭಾವನ ಎರಡನೆಯ ಸಂಸಾರ. ಅಕ್ಕನ ಮಗನೇ ಅದನ್ನು ರಾಜೀವನ ಕಳಂಕವೆಂದು ಎತ್ತಿ ಆಡಿದಾಗ ಒಂದು ವಾಕ್ಯ ಸಾಕಿತ್ತು. ಆ ವಾಕ್ಯ ಅಕ್ಕನ ಬಾಳನ್ನು ಎರಡನೆಯ ಸಲ ಒಡೆಯುತ್ತಿತ್ತು. ಅವನು ಹೇಳಲಿಲ್ಲ, ಎದ್ದು ಹೊರಟುಹೋದ.

ತಾರಾಚಿತ್ರದ ಸೂತ್ರದಲ್ಲಿ ನಾಯಕನ ಅತಿ ದೊಡ್ಡ ಅಸ್ತ್ರ ಅವನ ಮಾತು. ಕೊನೆಯ ರೀಲಿನಲ್ಲಿ ಅವನು ಮಾತನಾಡಬೇಕು, ಖಳನು ತಲೆತಗ್ಗಿಸಬೇಕು, ಪ್ರೇಕ್ಷಕರು ಚಪ್ಪಾಳೆ ತಟ್ಟಬೇಕು. ರಾಜಕುಮಾರರ ಕಂಠವಾದರೋ ಅಂದಿಗೆ ಕನ್ನಡ ನಾಡಿನ ಒಂದು ಸಂಸ್ಥೆಯೇ ಆಗಿತ್ತು. ಆ ಕಂಠವನ್ನು ಅತ್ಯಂತ ಅಗತ್ಯವಾದ ಗಳಿಗೆಯಲ್ಲಿ ಕಥೆ ಮುಚ್ಚಿಸಿತು, ನಟ ಒಪ್ಪಿದ. ಇದೇ ಈ ಚಿತ್ರದ ಔಚಿತ್ಯ. ಹಾಡುಗಳು, ಹಾಸ್ಯ, ಪ್ರಣಯ ಎಲ್ಲವೂ ರೂಢಿಯಂತೆಯೇ ಇವೆ. ಅವನ್ನೆಲ್ಲ ಪ್ರೇಕ್ಷಕ ಸವಿದಿದ್ದಾನೆ. ಹಾಗೆ ಸವಿದುದರಿಂದಲೇ ಆ ಮೌನದ ಬೆಲೆ ಅವನಿಗೆ ತಿಳಿಯುತ್ತದೆ. ಅಪರಿಚಿತ ನಟನೊಬ್ಬ ಹೀಗೆ ಸುಮ್ಮನೆ ಹೊರಟಿದ್ದರೆ ಅದು ಒಂದು ಘಟನೆ ಮಾತ್ರವಾಗುತ್ತಿತ್ತು. ನಮ್ಮ ಹೋಟೆಲಿನ ಹಿರಿಯರ ಎದೆಯಲ್ಲಿ ಉಳಿದದ್ದು ತಾರೆಯ ಮೌನ. ಸೂತ್ರವು ಇಲ್ಲಿ ಅರ್ಥಕ್ಕೆ ಅಡ್ಡಿಯಾಗಲಿಲ್ಲ. ಅರ್ಥಕ್ಕೆ ಬೇಕಾದ ಬಂಡವಾಳವನ್ನು ಒದಗಿಸಿತು.

ಇನ್ನು ಈ ಚಿತ್ರದ ಮಿತಿಯನ್ನು ಕಾಣಬೇಕು. ಚಿತ್ರ ತೆರೆಕಾಣುವ ಕೆಲವೇ ದಿನಗಳ ಮುಂಚೆ, ಅದೇ ಮಾರ್ಚ್ ತಿಂಗಳಲ್ಲಿ, ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ೧೯೬೧ರ ಭೂಸುಧಾರಣಾ ಕಾಯಿದೆಗೆ ೧೯೭೪ರಲ್ಲಿ ಬಂದ ತಿದ್ದುಪಡಿಯು ಗೇಣಿಪದ್ಧತಿಯನ್ನೇ ರದ್ದುಮಾಡಿತು. ಅಂದರೆ ಚಿತ್ರ ಸ್ಟೇಟ್ಸ್ ಚಿತ್ರಮಂದಿರದಲ್ಲಿ ನಡೆಯುತ್ತಿದ್ದ ಕಾಲದಲ್ಲಿಯೇ ಭೂಮಿ ಯಾರದೆಂಬ ಪ್ರಶ್ನೆ ನಾಡಿನಲ್ಲಿ ಕುದಿಯುತ್ತಿತ್ತು. ಚಿತ್ರದಲ್ಲಿ ಆ ಪ್ರಶ್ನೆಯೇ ಇಲ್ಲ. ಅಲ್ಲಿ ಭೂಮಿಗೆ ಬೇಕಾದುದು ಒಬ್ಬ ಒಳ್ಳೆಯವನು. ಅವನಿಗೆ ಸಾಲ ಕೊಡುವ ಶ್ರೀಮಂತನೂ ಒಳ್ಳೆಯವನು. ಬಂಡೆ ಒಡೆಯುತ್ತದೆ, ನೀರು ಉಕ್ಕುತ್ತದೆ, ಪೈರು ನಿಲ್ಲುತ್ತದೆ. ಗೇಣಿಯ ಲೆಕ್ಕ, ಒಕ್ಕಲಿನ ಹಕ್ಕು ಇವು ನಾಯಕನ ಸದ್ಗುಣದ ಬೆಳಕಿನಲ್ಲಿ ಕಾಣದೆ ಹೋಗುತ್ತವೆ.

ಈ ಪತ್ರಿಕೆಯ ವಾಚಕರಿಗೆ ಇದು ದೂರದ ವಿಷಯವಲ್ಲ. ನಮ್ಮಲ್ಲಿ ಕೆಲವರ ಮನೆತನಗಳು ಆ ಕಾಯಿದೆಯಿಂದ ಭೂಮಿ ಕಳೆದುಕೊಂಡು ಮುಂಬಯಿಯ ದಾರಿ ಹಿಡಿದವು. ಇನ್ನು ಕೆಲವರ ತಂದೆತಾಯಿಗಳು ಅದೇ ಕಾಯಿದೆಯಿಂದ ತಲೆತಲಾಂತರ ಉತ್ತ ಗದ್ದೆಗೆ ಮೊದಲ ಸಲ ಒಡೆಯರಾದರು. ಇಬ್ಬರ ಮಕ್ಕಳೂ ಇಂದು ಇದೇ ಉಪನಗರದ ಒಂದೇ ಸಭಾಂಗಣದಲ್ಲಿ ಪಕ್ಕಪಕ್ಕದಲ್ಲಿ ಕೂತು ಈ ಚಿತ್ರವನ್ನು ನೆನೆದು ಕಣ್ಣೀರಿಡುತ್ತಾರೆ. ಇಬ್ಬರನ್ನೂ ಒಟ್ಟಿಗೆ ಅಳಿಸಬಲ್ಲುದು ಈ ಚಿತ್ರದ ಶಕ್ತಿ. ಇಬ್ಬರ ನಡುವಿನ ವ್ಯವಹಾರವನ್ನು ಬಾಯಿಗೂ ತರದಿರುವುದು ಅದರ ದೌರ್ಬಲ್ಯ. ರಾಜೀವನ ಮೌನಕ್ಕೆ ಕಾರಣವಿತ್ತು. ಚಿತ್ರದ ಈ ಮೌನಕ್ಕೆ ಅಂಥ ಕಾರಣವನ್ನು ನಾನು ಕಾಣೆ.

ಕೃಷಿಯನ್ನೇ ವಸ್ತುವಾಗಿಸಿಕೊಂಡ ಇತ್ತೀಚಿನ ತೆಲುಗು ತಾರಾಚಿತ್ರವೊಂದನ್ನು ಇದರ ಪಕ್ಕದಲ್ಲಿ ಇಡಬಹುದು. ೨೦೧೯ರ 'ಮಹರ್ಷಿ'ಯಲ್ಲಿ ಮಹೇಶ್ ಬಾಬು ವಹಿಸಿದ ನಾಯಕ ಅಮೆರಿಕದಲ್ಲಿ ದೊಡ್ಡ ಸಂಸ್ಥೆಯ ಮುಖ್ಯಸ್ಥ. ತನಗಾಗಿ ಓದನ್ನೇ ಬಲಿಗೊಟ್ಟ ಗೆಳೆಯನನ್ನು ಹುಡುಕಿಕೊಂಡು ಹಳ್ಳಿಗೆ ಬರುತ್ತಾನೆ. ಅಲ್ಲಿನ ರೈತರ ಭೂಮಿ ಅನಿಲದ ಕೊಳವೆಯ ಯೋಜನೆಗೆ ಹೋಗಲಿದೆ. 'ಬಂಗಾರದ ಮನುಷ್ಯ' ಬಿಟ್ಟ ಪ್ರಶ್ನೆಯನ್ನು ಈ ಚಿತ್ರ ಎತ್ತಿಕೊಂಡಿತೆಂಬುದನ್ನು ನಾವು ಒಪ್ಪಬೇಕು: ಭೂಮಿ ಯಾರದು, ಅದನ್ನು ಕಸಿಯುವವರು ಯಾರು ಎಂದು ಅದು ಕೇಳುತ್ತದೆ. ಸಾರ್ಥಕ ಮನರಂಜನೆಯ ಜನಪ್ರಿಯ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂದಿತು. ಮುದುಕನಾದ ರೈತನೊಬ್ಬನಿಂದ ನಾಯಕ ನೇಗಿಲು ಹಿಡಿಯುವುದನ್ನು ಕಲಿಯುವ ಸನ್ನಿವೇಶ ನಿಜಕ್ಕೂ ಮನಮುಟ್ಟುವಂಥದು. ಅಲ್ಲಿ ತಾರೆ ಕೆಲವು ನಿಮಿಷ ಶಿಷ್ಯನಾಗುತ್ತಾನೆ. ಆದರೆ ಆ ನಿಮಿಷಗಳು ಮುಗಿದೊಡನೆ ಅವನು ಮತ್ತೆ ಗುರು. ಹೋರಾಟವನ್ನು ಆರಂಭಿಸಿದವನು ಗೆಳೆಯ. ಪರದೆಯನ್ನು ತುಂಬುವವನು ನಾಯಕ. ರೈತರ ಕಷ್ಟವನ್ನು ರೈತರು ಹೇಳಿದರೆ ಸಾಲದು, ಅವನು ಹೇಳಬೇಕು. ಪ್ರಶ್ನೆ ದೊಡ್ಡದಾಯಿತು, ತ್ಯಾಗ ಚಿಕ್ಕದಾಯಿತು. ರಾಜೀವನ ಚಿತ್ರದಲ್ಲಿ ಇದಕ್ಕೆ ವಿಪರೀತ.

ತೆಲುಗಿನವರಿಗೆ ಈ ತೂಕ ಗೊತ್ತಿಲ್ಲವೆಂದು ತಿಳಿಯಬಾರದು. ಕೆ. ವಿಶ್ವನಾಥರು ೧೯೮೭ರಲ್ಲಿ 'ಸ್ವಯಂಕೃಷಿ'ಯನ್ನು ತೆಗೆದಾಗ ಚಿರಂಜೀವಿ ಹೊಡೆದಾಟ ಕುಣಿತಗಳ ನಾಯಕರಾಗಿ ಮೆರೆಯುತ್ತಿದ್ದರು. ಅವರನ್ನು ವಿಶ್ವನಾಥರು ಚಪ್ಪಲಿ ಹೊಲಿಯಲು ಕೂರಿಸಿದರು. ಅಗಲಿದ ಅಕ್ಕತಂಗಿಯರ ಮಕ್ಕಳನ್ನು ಸಾಕುವ ಸೋದರಮಾವನೆಂಬ ನಮ್ಮ ಹಳೆಯ ಪಾತ್ರವೇ ಅಲ್ಲಿ ಮೋಚಿಯ ರೂಪದಲ್ಲಿ ಬಂತು. ತಾರೆ ಅಲ್ಲಿ ಬಿಟ್ಟುಕೊಟ್ಟದ್ದು ತನ್ನ ವೇಷದ ಮೇಲ್ಮೆಯನ್ನು; ಜನ ಒಪ್ಪಿದರು, ರಾಜ್ಯದ ನಂದಿ ಪ್ರಶಸ್ತಿಯೂ ಆ ನಟನಿಗೆ ಬಂತು. ಮರುವರ್ಷ ಕೆ. ಬಾಲಚಂದರ್ ಅದೇ ನಟನೊಡನೆ 'ರುದ್ರವೀಣ'ವನ್ನು ತೆಗೆದರು. ಸಂಗೀತ ವಿದ್ವಾಂಸನ ಮಗ ತಂದೆಯ ಜಾತಿಯ ಬಿಗುಮಾನವನ್ನು ಪ್ರಶ್ನಿಸಿ ಹೊರಬಂದು ಹಳ್ಳಿಯೊಂದರ ಮದ್ಯಪಾನವನ್ನು ಬಿಡಿಸುವ ಕಥೆ ಅದು. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು, ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಒಬ್ಬನೇ ನಟ, ಒಂದು ವರ್ಷದ ಅಂತರ. ಮೊದಲನೆಯದರಲ್ಲಿ ವಿಚಾರವು ದುಡಿಮೆಯ ರೂಪದಲ್ಲಿ ನಾಯಕನ ಕೈಯಲ್ಲಿದೆ; ಎರಡನೆಯದರಲ್ಲಿ ಬಹುಮಟ್ಟಿಗೆ ಅವನ ಬಾಯಲ್ಲಿದೆ. ಸೋಲಿಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಜನ ನಾಯಕನಿಂದ ಉಪದೇಶವನ್ನು ಅಪೇಕ್ಷಿಸುವುದಿಲ್ಲ, ನಡತೆಯನ್ನು ಅಪೇಕ್ಷಿಸುತ್ತಾರೆಂಬುದಕ್ಕೆ ಇದು ಪುಷ್ಟಿ ಕೊಡುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಸಾಹಿತ್ಯಕೃತಿಯನ್ನು ತಾರಾಚಿತ್ರಕ್ಕೆ ಅಳವಡಿಸುವುದೇ ಕೃತಿಗೆ ದ್ರೋಹವೆಂದು ಹೇಳುವವರಿದ್ದಾರೆ. 'ಬಂಗಾರದ ಮನುಷ್ಯ' ಬಂದ ವರ್ಷವೇ ಪುಟ್ಟಣ್ಣ ಕಣಗಾಲರು ತರಾಸು ಅವರ ಮೂರು ಕಾದಂಬರಿಗಳನ್ನು ಹೆಣೆದು 'ನಾಗರಹಾವು' ತೆಗೆದರು. ನಾಗರಹಾವನ್ನು ಕೇರೆಹಾವಾಗಿಸಿದರೆಂದು ಕಾದಂಬರಿಕಾರರು ನೊಂದುಕೊಂಡ ಸಂಗತಿ ಪ್ರಸಿದ್ಧವಾಗಿದೆ. ಲೇಖಕನ ನೋವು ನ್ಯಾಯವಾದದ್ದು. ಆದರೆ ಆ ಚಿತ್ರದಲ್ಲಿ ವಿಷ್ಣುವರ್ಧನ್ ತಾರೆಯಾಗಿ ಬರಲಿಲ್ಲ, ತಾರೆಯಾಗಿ ಹೊರಟರು. ರಾಮಾಚಾರಿಯ ಸಿಟ್ಟನ್ನೂ ಸೋಲನ್ನೂ ಕಥೆಯೇ ಅವರಿಗೆ ಕೊಟ್ಟಿತು. ಹೀಗೆ ಕಥೆಯು ತಾರೆಯನ್ನು ಹೆರುವುದುಂಟು. ಮುಂದೆ ಅದೇ ಕೋಪಿಷ್ಠ ತರುಣ ಸೂತ್ರವಾಗಿ ಎಷ್ಟು ಚಿತ್ರಗಳಲ್ಲಿ ಸವೆದನೆಂಬುದು ಬೇರೆ ಮಾತು.

ಮತ್ತೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ತೆಲುಗು ಕವಿಗಳೇ ಆದ ಪಟ್ಟಾಭಿರಾಮ ರೆಡ್ಡಿಯವರು ೧೯೭೦ರಲ್ಲಿ ಕನ್ನಡದಲ್ಲಿ 'ಸಂಸ್ಕಾರ'ವನ್ನು ತೆಗೆದ ಮೇಲೆ, ೧೯೭೭ರಲ್ಲಿ ಗಿರೀಶ ಕಾಸರವಳ್ಳಿಯವರು 'ಘಟಶ್ರಾದ್ಧ'ವನ್ನು ಕೊಟ್ಟ ಮೇಲೆ, ತಾರೆಗಳ ಚಿತ್ರದಲ್ಲಿ ಅರ್ಥವನ್ನು ಹುಡುಕುವ ಅಗತ್ಯವೇನು ಎಂಬುದು ಅದು. ಈ ಎರಡು ಚಿತ್ರಗಳ ಹಿರಿಮೆಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಎರಡು ದಾರಿಗಳ ನಡುವೆ ಗೋಡೆ ಮೊದಲಿನಿಂದ ಇತ್ತೆಂಬುದು ನಿಜವಲ್ಲ. ೧೯೬೪ರಲ್ಲಿ ಎನ್. ಲಕ್ಷ್ಮೀನಾರಾಯಣರು ಕಿವಿ ಕೇಳದ, ಮಾತು ಬಾರದ ಹೆಣ್ಣಿನ ಬಾಳನ್ನು ಕುರಿತು 'ನಾಂದಿ' ತೆಗೆದಾಗ ನಾಯಕರು ರಾಜಕುಮಾರರೇ. ೧೯೬೯ರಲ್ಲಿ ಚದುರಂಗರ 'ಉಯ್ಯಾಲೆ' ಚಿತ್ರವಾದಾಗಲೂ ಅವರೇ. ತಾರೆಯನ್ನು ಒಳಗಿಟ್ಟುಕೊಂಡು ಸಂಯಮದ ಚಿತ್ರವನ್ನು ತೆಗೆಯುವ ಈ ಮಧ್ಯಮಮಾರ್ಗವನ್ನು ನಡೆದು ತೋರಿಸಿದವರು ಇದ್ದರು. ಮುಂದೆ ಹೊಸ ಅಲೆಯ ಕಡೆಗೆ ವಿಮರ್ಶಕರೆಲ್ಲ ಹೊರಳಿದರು; ಜನಪ್ರಿಯ ಚಿತ್ರ ಅಭಿಮಾನಿಗಳ ಪಾಲಾಯಿತು. ಒಂದು ಕಡೆ ಪ್ರಶಂಸೆಯಿಲ್ಲದ ಪ್ರೇಕ್ಷಕರು, ಇನ್ನೊಂದು ಕಡೆ ಪ್ರೇಕ್ಷಕರಿಲ್ಲದ ಪ್ರಶಂಸೆ. ಈ ಒಡಕಿನಲ್ಲಿ ವಿಮರ್ಶೆಯ ಪಾಲೂ ಇದೆಯೆಂದು ನಾವು ಒಪ್ಪಿಕೊಳ್ಳುವುದು ಲೇಸು.

ಈ ಒಡಕಿನ ಫಲವನ್ನು ಇಂದಿನ ಚಿತ್ರಗಳಲ್ಲಿ ಕಾಣಬಹುದು. ೨೦೧೮ರಲ್ಲಿಯೂ ೨೦೨೨ರಲ್ಲಿಯೂ ಎರಡು ಭಾಗಗಳಾಗಿ ಬಂದ 'ಕೆ.ಜಿ.ಎಫ್.' ಐದು ಭಾಷೆಗಳಲ್ಲಿ ತೆರೆಕಂಡು ಕನ್ನಡ ಚಿತ್ರಕ್ಕೆ ಹಿಂದೆಂದೂ ಇಲ್ಲದ ಮಾರುಕಟ್ಟೆಯನ್ನು ತೆರೆಯಿತು. ಅದರ ನಿರ್ದೇಶಕ ಪ್ರಶಾಂತ್ ನೀಲ್ ಮುಂದೆ ತೆಲುಗಿಗೆ ಹೋಗಿ ೨೦೨೩ರಲ್ಲಿ 'ಸಲಾರ್' ತೆಗೆದರು. ನಮಗೆ ಈ ಚಿತ್ರದಲ್ಲಿ ವಿಶೇಷ ಆಸಕ್ತಿ ಇರಬೇಕು, ಏಕೆಂದರೆ ಇದರ ನಾಯಕ ಮುಂಬಯಿಗೆ ಬಂದ ಕನ್ನಡದ ಬಡ ಹುಡುಗ. ತಾಯಿಯನ್ನು ಕಳೆದುಕೊಂಡು, ಈ ಊರಿನ ಬೀದಿಯಲ್ಲಿ ಬೂಟಿಗೆ ಪಾಲಿಶ್ ಹಾಕಿ ಬೆಳೆಯುತ್ತಾನೆ. ಅಂಥ ಹುಡುಗರನ್ನು ನಾವು ಬಲ್ಲೆವು. ನಮ್ಮ ರಾತ್ರಿಶಾಲೆಗಳ ಬೆಂಚಿನ ಮೇಲೆ ಸಾಬೂನಿನ ವಾಸನೆಯ ಕೈಗಳನ್ನಿಟ್ಟು ನಿದ್ದೆಗಣ್ಣಿನಲ್ಲಿ ಕೂತವರು 'ಅವರೇ. ಚಿತ್ರಕ್ಕೆ ಆ ಹುಡುಗನಲ್ಲಿ ಆಸಕ್ತಿಯಿಲ್ಲ. ಅವನು ಬೇಗ ಬೆಳೆದು ಊರನ್ನು ನಡುಗಿಸಬೇಕು. ಚಿತ್ರ ತೋರುವ ಮುಂಬಯಿಯ ಶೆಟ್ಟಿ ಚಿನ್ನದ ಕಳ್ಳಸಾಗಣೆಯವನು. ಬೆಳಗಿನ ನಾಲ್ಕಕ್ಕೆ ಎದ್ದು ಇಡ್ಲಿಯ ಹಂಡೆಯನ್ನು ಒಲೆಗೇರಿಸಿದ ಶೆಟ್ಟಿಗೆ ಅಲ್ಲಿ ಸ್ಥಳವಿಲ್ಲ. ಕೋಲಾರದ ಚಿನ್ನದ ಗಣಿಯ ಹೆಸರಿದೆ. ಆ ಗಣಿಯಲ್ಲಿ ನೂರಕ್ಕೂ ಹೆಚ್ಚು ವರ್ಷ ದುಡಿದು, ೨೦೦೧ರಲ್ಲಿ ಅದು ಮುಚ್ಚಿದಾಗ ಕೆಲಸ ಕಳೆದುಕೊಂಡವರ ಚರಿತ್ರೆಯಿಲ್ಲ. ನಾಯಕ ಕೊನೆಗೆ ಚಿನ್ನದೊಡನೆ ಸಮುದ್ರದಲ್ಲಿ ಮುಳುಗುತ್ತಾನೆ, ನಿಜ. ಆದರೆ ಅದು ಬಿಟ್ಟುಕೊಡುವಿಕೆಯಲ್ಲ. ಅವನ ಸಾವೂ ಒಂದು ಒಡ್ಡೋಲಗವೇ.

ಇದಕ್ಕೆ ಪ್ರತಿಯಾಗಿ ೨೦೨೨ರ 'ಕಾಂತಾರ'ವನ್ನು ಎತ್ತಿಕೊಳ್ಳಬಹುದು. ಕುಂದಾಪುರದ ಕಡೆಯ ಮಾತು, ಕಂಬಳ, ಭೂತಕೋಲ; ಅರಸನೊಬ್ಬ ದೈವದ ಮುಂದೆ ಕೊಟ್ಟ ಭೂಮಿಯನ್ನು ಅವನ ವಂಶದವರು ಮರಳಿ ಕೇಳುವ ಕಥೆ. ಇಲ್ಲಿಯೂ ಸೂತ್ರಕ್ಕೆ ಕೊರತೆಯಿಲ್ಲ: ನಾಯಕನ ಹೊಡೆದಾಟಗಳಿವೆ, ಹೆಣ್ಣನ್ನು ಕಾಡುವ ಹಳೆಯ ಚೇಷ್ಟೆಗಳಿವೆ, ಎಲ್ಲ ಕೇಡಿಗೂ ಒಬ್ಬನೇ ಧಣಿ ಕಾರಣನಾಗುವ ಅನುಕೂಲವಿದೆ. ಆದರೆ ಕೊನೆಯ ಭಾಗದಲ್ಲಿ ರಿಷಭ್ ಶೆಟ್ಟಿಯವರ ನಾಯಕ ತನ್ನನ್ನೇ ಬಿಟ್ಟುಕೊಡುತ್ತಾನೆ. ಮೈಮೇಲೆ ದೈವ ಬಂದ ಮೇಲೆ ಅಲ್ಲಿ ನಾಯಕನಿಲ್ಲ. ಅವನ ಮಾತೂ ಇಲ್ಲ, ಒಂದು ಕೂಗು ಮಾತ್ರ ಇದೆ. ಆ ದೈವ ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಂದುಗೂಡಿಸಿ ಕಾಡಿನಲ್ಲಿ ಮರೆಯಾಗುತ್ತದೆ. ೧೯೭೩ರ 'ಗಂಧದ ಗುಡಿ'ಯಲ್ಲಿ ಅರಣ್ಯಾಧಿಕಾರಿಯೇ ನಾಯಕ. ಕಾಡನ್ನು ಕಾಯುವ ಸರಕಾರದಲ್ಲಿ ಆಗ ನಂಬಿಕೆಯಿತ್ತು. ಸುಮಾರು ಐವತ್ತು ವರ್ಷಗಳ ಅನಂತರ ಅದೇ ಅಧಿಕಾರಿ ಬಹುಕಾಲ ಎದುರಾಳಿಯಾಗಿ ನಿಂತು ಕಡೆಗೆ ಕೈಹಿಡಿಯುವವನಾಗಿದ್ದಾನೆ. ಕಾಡಿನಲ್ಲಿ ಬದುಕುವವರಿಗೂ ಕಾಡಿನ ಕಾನೂನಿಗೂ ನಡುವೆ ಈ ನಾಡಿನಲ್ಲಿ ನಡೆದ ತಿಕ್ಕಾಟವೆಲ್ಲ ಈ ಎರಡು ಚಿತ್ರಗಳ ನಡುವಿನ ಅಂತರದಲ್ಲಿದೆ. ಸೂತ್ರದ ಚಿತ್ರಗಳೆಂದು ನಾವು ಬದಿಗಿಟ್ಟವುಗಳಲ್ಲಿ ನಾಡಿನ ಮನಸ್ಸು ಹೀಗೆ ದಾಖಲೆಯಾಗಿರುತ್ತದೆ.

ಮೇಲಿನ ವಿವೇಚನೆಯಿಂದ ನನಗೆ ತೋರುವುದಿಷ್ಟು. ತಾರೆಯೆಂಬುದು ಜನ ತಮ್ಮ ವಿಶ್ವಾಸದಿಂದ ಕೂಡಿಟ್ಟ ಒಂದು ಇಡುಗಂಟು. ಅದನ್ನು ಕಥೆಗಾಗಿ ಖರ್ಚುಮಾಡಿದಾಗ ಅರ್ಥ ಹುಟ್ಟುತ್ತದೆ. ಬಡ್ಡಿಗೆ ಬಿಟ್ಟು ಬೆಳೆಸಿದಾಗ ತಾರೆ ಬೆಳೆಯುತ್ತಾನೆ, ಕಥೆ ಸೊರಗುತ್ತದೆ. ಆದರೆ ತಾರೆಯ ತ್ಯಾಗವೊಂದರಿಂದಲೇ ಚಿತ್ರ ಸತ್ಯವಾಗುವುದಿಲ್ಲ. ಅವನ ಒಳ್ಳೆಯತನದ ಆಚೆಗೆ ಇರುವ ಲೋಕಕ್ಕೂ, ಅಂದರೆ ಕೂಲಿಗೂ ಗೇಣಿಗೂ ಕಾನೂನಿಗೂ, ಚಿತ್ರ ಕಿವಿಗೊಡಬೇಕು. ಮೊದಲನೆಯದನ್ನು ನಮ್ಮ ಹಳೆಯ ಚಿತ್ರಗಳು ಚೆನ್ನಾಗಿ ಬಲ್ಲವು. ಎರಡನೆಯದನ್ನು ಇಂದಿನ ಕೆಲವು ಚಿತ್ರಗಳು ಕೇಳತೊಡಗಿವೆ. ಎರಡನ್ನೂ ಒಂದೇ ಚಿತ್ರದಲ್ಲಿ ಕೂಡಿಸುವ ಕೆಲಸ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಇನ್ನೂ ಉಳಿದಿದೆ.

ಹೊರನಾಡಿನ ನಮಗೆ ಈ ವಿಚಾರದಲ್ಲಿ ಬೇರೊಂದು ಹೊಣೆಯೂ ಇದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಓದಲಾರರು, ಕೇಳಬಲ್ಲರು. ಅವರಿಗೆ ಕನ್ನಡವೆಂದರೆ ಬಹುಮಟ್ಟಿಗೆ ಪರದೆಯ ಮೇಲಿನ ಕನ್ನಡವೇ. ಆ ಕನ್ನಡವನ್ನು ಅವರು ಯಾವ ನಾಯಕನ ಬಾಯಿಂದ ಕೇಳುತ್ತಾರೆಂಬುದನ್ನು ನಾವು ಆಯ್ದುಕೊಡಲಾರೆವು. ಕೇಳಿದ ಮೇಲೆ ಅವರೊಡನೆ ಕೂತು ಮಾತನಾಡಬಲ್ಲೆವು. ಹಾಗೆಯೇ ಈ ಚಿತ್ರಗಳನ್ನು ಮೊದಲ ಸಲ ನೋಡಿದ ಹಿರಿಯರು ನಮ್ಮ ಉಪನಗರಗಳಲ್ಲಿ ಇನ್ನೂ ಇದ್ದಾರೆ. ಅವರು ಏನನ್ನು ನೋಡಿದರು, ನೋಡಿ ಮನೆಗೆ ಹೋಗಿ ಏನು ಮಾಡಿದರು ಎಂಬುದನ್ನು ಬರೆದಿಡುವ ಕಾರ್ಯವನ್ನು ಸಂಶೋಧನೆಯಲ್ಲಿ ಆಸಕ್ತರಾದ ನಮ್ಮ ತರುಣರು ಕೈಗೊಳ್ಳಬೇಕೆಂದು ಬೇಡುತ್ತೇನೆ. ಚಿತ್ರಗಳ ಪ್ರತಿಗಳನ್ನು ಯಾರಾದರೂ ಕಾಪಾಡಿಯಾರು. ಈ ನೆನಪುಗಳಿಗೆ ಬೇರೆ ಪ್ರತಿಗಳಿಲ್ಲ.

ಆ ಹೋಟೆಲು ಈಗ ಬೇರೊಬ್ಬರ ಕೈಗೆ ಹೋಗಿದೆ. ಹಿರಿಯರು ಊರಿಗೆ ಮರಳಿದ್ದಾರೆ. ಪಾಲಿನಲ್ಲಿ ಬಂದ ಒಂದು ಕೋಣೆಯಲ್ಲಿ ಇದ್ದಾರೆಂದು ಕೇಳಿದೆ. ಹೊರಡುವ ಮುನ್ನ ನನ್ನನ್ನು ಕಾಣಬಂದಾಗ, ಆ ರಸೀದಿಗಳನ್ನು ಏನು ಮಾಡಿದಿರೆಂದು ನಾನು ಕೇಳಿದೆ. "ಪೆಟ್ಟಿಗೆಯಲ್ಲೇ ಇವೆ ಮಾಷ್ಟ್ರೇ" ಎಂದರು. ಅವರ ಮೌನ ರಾಜೀವನದೋ ಅವರದೇ ಆದದ್ದೋ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರ ಗಾಡಿಯ ಹೊತ್ತಾಯಿತು.